ಹುಲ್ಲಿನಡಿಯ ಇಳಿಜಾರು

ಬೆಳಗಿನ ಆರೂಕಾಲು. ಶಿಶುವಿಹಾರದ ಹಿಂದಿನ ಅಂಗಳದಲ್ಲಿ ಐವತ್ತಮೂರರ ಹೆಂಗಸೊಬ್ಬರು ಮಂಡಿಯೂರಿ, ಕೆನ್ನೆಯನ್ನು ಪ್ಲಾಸ್ಟಿಕ್ ಹುಲ್ಲಿಗೆ ತಾಗಿಸಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಾರೆ. ಅಂಗಳ ಹನ್ನೊಂದು ಮೀಟರ್ ಉದ್ದ, ಏಳು ಮೀಟರ್ ಅಗಲ. ನಮ್ಮ ಕಣ್ಣಿಗೆ ಮಟ್ಟಸವಾಗಿದೆ, ಅವರ ಕಣ್ಣಿಗಲ್ಲ. "ಮೀಟರಿಗೆ ಒಂದು ಬೆರಳು ಇಳೀಬೇಕು. ಇಳಿದಿದೆ" ಎನ್ನುತ್ತಾ ಏಳುತ್ತಾರೆ. ಏಳುವಾಗ ಎರಡೂ ಮಂಡಿ ಲಟಲಟ ಎನ್ನುತ್ತವೆ.

ಎಲ್ಲರೂ ಅವರನ್ನು ಕರೆಯುವುದು ಜೇಡಕ್ಕ ಎಂದು. ಜೇಡಿಮಣ್ಣಿನ ಅಂಗಳಗಳಲ್ಲಿ ನಿಂತ ನೀರಿಗೆ ದಾರಿ ಮಾಡಿಕೊಡುವುದು ಅವರ ಕೆಲಸ. ಹನ್ನೆರಡು ವರ್ಷಗಳಲ್ಲಿ 214 ಅಂಗಳಗಳು. ಅದರಲ್ಲಿ ಮತ್ತೆ ಬಗೆಯಬೇಕಾಗಿ ಬಂದದ್ದು ಒಂಬತ್ತು. ಆ ಒಂಬತ್ತೂ ಯಾವುವೆಂದು ಕೇಳಿದರೆ ಬೆರಳು ಮಡಚಿ ಹೇಳುತ್ತಾರೆ; ಉಳಿದವು ನೆನಪಿಲ್ಲ. ಜಲ್ಲಿ, ಪೈಪು ಅವರದು. ಮೇಲೆ ಹುಲ್ಲು ಹಾಸುವುದು ಮೈದುನನ ಪಾಲು. "ಅತ್ತಿಗೆ ಹೂತಿಡ್ತಾರೆ, ನಾನು ಮೇಲೆ ಹೊದಿಸ್ತೀನಿ. ಪೊಲೀಸರು ನೋಡಿದ್ರೆ ಇಬ್ಬರನ್ನೂ ಎಳ್ಕೊಂಡು ಹೋಗ್ತಾರೆ" ಎಂದು ಮೈದುನ ನಗುತ್ತಾರೆ.

ಇಂದು ಅಂಗಳಕ್ಕೆ ನೀರು ಸುರಿದು ನೋಡುವ ಪರೀಕ್ಷೆಯ ದಿನ. ಶಿಶುವಿಹಾರದಲ್ಲಿ ಮೂವತ್ತನಾಲ್ಕು ಮಕ್ಕಳಿದ್ದಾರೆ. ಹಿಂದೆ ಬೇರೆಯವರು ಇಲ್ಲಿ ಎರಡು ಸಲ ಹುಲ್ಲು ಹಾಸಿದ್ದರು. ಎರಡು ಸಲವೂ ಮಳೆ ಬಂದೊಡನೆ ನೀರು ನಿಂತು ನಾತ ಹಿಡಿಯಿತು. ಒಂದು ಮಗು ಜಾರಿ ಬಿದ್ದು ಗಲ್ಲಕ್ಕೆ ಎರಡು ಹೊಲಿಗೆ ಹಾಕಿಸಿಕೊಂಡಿತು. ಎಲ್ಲರೂ ದೊಡ್ಡ ಟೀಚರ್ ಎನ್ನುವ ಮುಖ್ಯಸ್ಥೆ ಖಡಾಖಂಡಿತ ಹೇಳಿದ್ದಾರೆ: "ಈ ಸಲವೂ ನೀರು ನಿಂತ್ರೆ ಸೋಮವಾರ ಕಾಂಕ್ರೀಟ್ ಹಾಕ್ಸಿಬಿಡ್ತೀನಿ. ಕಾಂಕ್ರೀಟ್ ಮೇಲೆ ಈ ಪುಟಾಣಿಗಳನ್ನ ಓಡೋಕೆ ಬಿಡಲ್ಲ. ಒಳಗೇ ಆಡ್ಲಿ, ಇಲ್ಲಿ ಗಾಡಿ ನಿಲ್ಲಿಸ್ಕೋತೀವಿ."

ಹಿಂದಿನವರು ಮಾಡಿದ್ದೇನು? ಮೂಲೆಯಲ್ಲಿ ಆಳದ ಗುಂಡಿ ತೋಡಿ ಜಲ್ಲಿ ತುಂಬಿ, ನೀರು ಇಂಗುತ್ತದೆಂದು ಕಾದರು. ಜೇಡಿಮಣ್ಣಿನಲ್ಲಿ ಇಂಗುವುದೆಲ್ಲಿಂದ ಬಂತು? "ಹಂಡೇಲಿ ಕಲ್ಲು ತುಂಬಿಟ್ಟ ಹಾಗೆ" ಎನ್ನುತ್ತಾರೆ ಜೇಡಕ್ಕ. ಟೀಚರಿಗೆ ಅವರು ಇದನ್ನು ವಾದ ಮಾಡಿ ಹೇಳಲಿಲ್ಲ. ಅಂಗಳದ ಮಣ್ಣನ್ನು ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಗುಳಿ ಮಾಡಿ, ನೀರು ಹಾಕಿ ಅವರ ಮೇಜಿನ ಮೇಲಿಟ್ಟು ಹೋದರು. ಮರುದಿನ ಬಂದಾಗ ನೀರು ಹಾಗೆಯೇ ಇತ್ತು. ಹೊಸ ಗಿರಾಕಿಗಳಿಗೆಲ್ಲ ಅವರು ಹೇಳುವ ಪಾಠ ಇದೊಂದೇ: ಈ ಮಣ್ಣು ಕುಡಿಯುವುದಿಲ್ಲ, ನೀರನ್ನು ಹೊರಗೆ ಕರೆದೊಯ್ಯಬೇಕು. ಅದಕ್ಕೇ ಮೊಣಕಾಲಾಳದ ಮೂರು ಕಾಲುವೆ, ಅದರಲ್ಲಿ ತೂತಿನ ಪೈಪು, ಸುತ್ತ ಜಲ್ಲಿ. ಪೈಪಿನ ಬಾಯಿ ಹಿಂದಿನ ಓಣಿಯ ಚರಂಡಿಗೆ.

ಮೊದಲು ಜೇಡಕ್ಕ ಗಾರೆ ಕೆಲಸದವರು. ಗಂಡನ ಮನೆಯವರೆಲ್ಲ ಅದೇ ಕಸುಬು. ಹದಿನೆಂಟು ವರ್ಷ ಗೋಡೆ, ಸೂರು ಮೆತ್ತಿದ ಮೇಲೆ ಬಲಭುಜ ಸೋತಿತು. ಕೈ ಕಿವಿಗಿಂತ ಮೇಲೆ ಏಳದಾಯಿತು. "ಡಾಕ್ಟ್ರು ಮೇಲೆ ನೋಡಬೇಡಿ ಅಂದ್ರು. ಸರಿ, ಕೆಳಗೇ ನೋಡೋಣ ಅಂತ ಬಂದೆ" ಎಂದು ಅವರು ಹೇಳುವುದು ಇಷ್ಟೇ. ಈಗಲೂ ತಲೆ ಬಾಚಿಕೊಳ್ಳುವುದು ಎಡಗೈಯಿಂದ.

ಏಳು ಗಂಟೆಗೆ ನೀರು ಸುರಿಯಲು ಶುರು. ಮೂರನೇ ಡ್ರಮ್ ಮುಗಿಯುವಾಗ ಓಣಿಯಲ್ಲಿ ಪೈಪಿನ ಬಾಯಿಂದ ಬೆರಳುಗಾತ್ರದ ಧಾರೆ ಬರುತ್ತದೆ. ಎಲ್ಲರ ಮುಖವೂ ಅರಳುತ್ತದೆ. ಆದರೆ ಅಂಗಳಕ್ಕೆ ಮರಳಿದರೆ ಜಾರುಬಂಡೆಯ ಕೆಳಗೆ ಮೊರದಗಲ ನೀರು ನಿಂತಿದೆ, ಕದಲುತ್ತಿಲ್ಲ. ಮಕ್ಕಳು ಜಾರಿ ಬಂದು ಕಾಲೂರುವ ಜಾಗ ಅದೇ. ದೊಡ್ಡ ಟೀಚರ್ ಕಾಂಕ್ರೀಟಿನವರಿಗೆ ಹೇಳಲು ಫೋನ್ ತೆಗೆಯುತ್ತಾರೆ.

ಜೇಡಕ್ಕ ನೋಡುವುದು ನೀರನ್ನಲ್ಲ, ಮೈದುನನನ್ನು.

"ಇಲ್ಲಿ ಏನು ಮಾಡಿದ್ಯೋ ಪುಣ್ಯಾತ್ಮ?"

"ಏನೂ ಇಲ್ಲ ಅತ್ತಿಗೆ."

"ಏನೂ ಇಲ್ಲ ಅಂದ್ರೆ ಎಷ್ಟು ದಪ್ಪ?"

ಮೈದುನ ತಲೆ ಕೆರೆದುಕೊಳ್ಳುತ್ತಾರೆ. "ಎರಡು ಬೆರಳು. ಜಲ್ಲಿ ಉಬ್ಬಿಕೊಂಡಿತ್ತು, ಹುಲ್ಲು ಸರಿಯಾಗಿ ಕೂರ್ತಿರಲಿಲ್ಲ. ಕಲ್ಲುಪುಡಿ ನೆನೆಸಿ ಸ್ವಲ್ಪ ಕರಣೆ ಆಡಿಸ್ದೆ. ನುಣ್ಣಗೆ ಕಾಣ್ಲಿ ಅಂತ..."

ಬೈಗುಳ ಬರುತ್ತದೆಂದು ನಾವು ಕಾಯುತ್ತೇವೆ. ಜೇಡಕ್ಕ ನಗುತ್ತಾರೆ. ಮತ್ತೆ ಬಗೆದ ಆ ಒಂಬತ್ತು ಅಂಗಳಗಳಲ್ಲಿ ಮೊದಲನೆಯದರ ಕಥೆ ಆಗ ಹೊರಬೀಳುತ್ತದೆ. ಅವರು ಜಲ್ಲಿಯ ಮೇಲೆ ಜೇಡಿಮಣ್ಣು ಮೆತ್ತಿ, ಮೂರು ದಿನ ಕರಣೆಯಲ್ಲಿ ಉಜ್ಜಿ, ನೆಲವನ್ನು ಕನ್ನಡಿ ಮಾಡಿದ್ದರು. ಯಜಮಾನರು ಹೊಗಳಿದರು. ಮಳೆ ಬಂತು. "ಕೆಳಗೆ ಪೈಪು ಒಣಗಿಕೊಂಡು ಕೂತಿತ್ತು, ಮೇಲೆ ಮನೆಯವರು ಬಟ್ಟೆ ಎತ್ಕೊಂಡು ಓಡಾಡ್ತಿದ್ರು! ಒಬ್ಬಳೇ ಒಂಬತ್ತು ದಿನ ಅಗೆದೆ. ಗಾರೆ ಕೈ ಅಲ್ವಾ, ಒರಟು ಕಂಡ್ರೆ ಸುಮ್ನಿರಲ್ಲ. ಬೈದ್ರೆ ಇವನ ಕೈ ಕೇಳುತ್ತಾ? ನನ್ನದೇ ಕೇಳಿರಲಿಲ್ಲ." ಬಳಿಕ ಮೈದುನನ ಕಡೆ ತಿರುಗಿ, "ಕರಣೆ ಕೊಡು ಇಲ್ಲಿ. ಇನ್ಮೇಲೆ ಅದು ನನ್ನ ಚೀಲದಲ್ಲೇ ಇರ್ಲಿ."

ಫೋನ್ ಹಿಡಿದ ಟೀಚರಿಗೆ ಅವರು ಕೇಳುವುದು ಒಂದು ಗಂಟೆ. ಮಕ್ಕಳು ಬರುವುದು ಒಂಬತ್ತಕ್ಕೆ. ಟೀಚರ್ ಗೋಡೆಯ ಗಡಿಯಾರ ನೋಡಿ, "ಒಂದೇ ಗಂಟೆ" ಎನ್ನುತ್ತಾರೆ.

ಹುಲ್ಲಿನ ಮೂಲೆ ಎತ್ತಿ ಅತ್ತಿಗೆ ಮೈದುನ ಇಬ್ಬರೂ ಕುಕ್ಕರಗಾಲಲ್ಲಿ ಕೂರುತ್ತಾರೆ. ಗಟ್ಟಿಯಾದ ಪುಡಿಯನ್ನು ಹೆರೆದು ಬಾಂಡ್ಲಿಗೆ ತುಂಬುತ್ತಾರೆ. ಕೆಳಗಿನ ಜಲ್ಲಿ ಕಾಣಿಸಿದ ಮೇಲೂ ಜೇಡಕ್ಕ ಬಿಡುವುದಿಲ್ಲ. ಸಂದಿಸಂದಿಗೂ ಬೆರಳು ಹಾಕಿ ಪುಡಿ ತೆಗೆಯುತ್ತಾರೆ. ಸಣ್ಣ ಜಲ್ಲಿ ಹರಡಿ, ಹುಲ್ಲು ಮುಚ್ಚಿ, ನಾಲ್ಕನೇ ಡ್ರಮ್ ಅಲ್ಲಿಯೇ ಸುರಿಸುತ್ತಾರೆ. ಮೈದುನ ಬಾಯಿಬಿಟ್ಟು ಎಣಿಸುತ್ತಾರೆ. ನಲವತ್ತು ಆಗುವಷ್ಟರಲ್ಲಿ ನೀರಿಲ್ಲ.

ಟೀಚರ್ ಚಪ್ಪಲಿ ಬಿಟ್ಟು ಜಾರುಬಂಡೆಯ ಕೆಳಗೆ ನಿಲ್ಲುತ್ತಾರೆ, ಹಿಮ್ಮಡಿ ಒತ್ತಿ ನೋಡುತ್ತಾರೆ. ಆಮೇಲೆ ಫೋನಿನಲ್ಲಿ, "ಸೋಮವಾರ ಬರಬೇಡಿ. ಹೌದು, ಕಾಂಕ್ರೀಟ್ ಬೇಡ" ಎನ್ನುತ್ತಾರೆ. ಚಹಾ ಕುಡಿಯಲು ಕರೆಯೋಣವೆಂದರೆ ಜೇಡಕ್ಕ ಅಂಗಳದಲ್ಲಿಲ್ಲ. ಓಣಿಯಲ್ಲಿ, ಪೈಪಿನ ಬಾಯಿಯ ಮುಂದೆ ಕೂತಿದ್ದಾರೆ.

"ಇನ್ನೊಂದು ಡ್ರಮ್ ಸುರಿಸಿ ಟೀಚರ್" ಎಂದು ಅಲ್ಲಿಂದಲೇ ಕೂಗುತ್ತಾರೆ.

"ಎಲ್ಲಾ ಹೋಯ್ತಲ್ಲಮ್ಮಾ, ಇನ್ನೇನು ಪರೀಕ್ಷೆ?"

"ಪರೀಕ್ಷೆಗಲ್ಲ. ನೀವೆಲ್ಲ ದಿನಾ ಹುಲ್ಲು ನೋಡ್ತೀರ. ನಾನು ನಾಳೆಯಿಂದ ಈ ಕಡೆ ಬರಲ್ಲ. ಈ ನೀರು ಹೋಗೋದನ್ನ ಒಂದ್ಸಲ ಕಣ್ತುಂಬ ನೋಡ್ಕೋತೀನಿ."