ರನ್ ಮೇಷ್ಟ್ರ ಹದಿನಾಲ್ಕು ಡಬ್ಬಿ

ಮನುಷ್ಯನನ್ನು ತೂಗಬೇಕಾದರೆ ಮುಖ ನೋಡಬಾರದು, ಹಿಮ್ಮಡಿ ನೋಡಬೇಕು. ಮುಖಕ್ಕೆ ಯಾರು ಬೇಕಾದರೂ ಪಾಲಿಶ್ ಹಚ್ಚಿಕೊಳ್ಳಬಹುದು. ಇದನ್ನು ಬರೆಯುತ್ತಿರುವ ಚಪ್ಪಲಿ ಅಂಗಡಿಯವನು ಮೂವತ್ತು ವರ್ಷದಿಂದ ಊರವರ ಕಾಲು ಹಿಡಿದೇ ಬದುಕಿದವನು. ಹಾಗಾಗಿ ಮೇಷ್ಟ್ರು ಮೊದಲ ಸಲ ಮೆಟ್ಟಿಲು ಹತ್ತುವಾಗಲೇ ಅವನ ಅಳತೆ ಮುಗಿದಿತ್ತು. ಏಳನೇ ನಂಬರಿನ ಪಾದ. ಎಡ ಹಿಮ್ಮಡಿ ಹೊರಮಗ್ಗುಲಿಗೆ ಸವೆದಿದೆ, ಅಂದರೆ ಬಹಳ ಕಾಲ ಕಪ್ಪುಹಲಗೆಯ ಮುಂದೆ ಒಂದೇ ಕಾಲಿಗೆ ಭಾರ ಬಿಟ್ಟು ನಿಂತವರು. ಅಟ್ಟೆಗೆ ಎರಡು ಸಲ ತೇಪೆ ಬಿದ್ದಿದೆ, ಅಂದರೆ ಈ ವರ್ಷವೂ ಕೊಳ್ಳುವ ಪೈಕಿ ಅಲ್ಲ. ಗಿರಾಕಿಯಾಗಿ ಬೆಲೆ ಸೊನ್ನೆ.

ಅಳತೆ ತಪ್ಪಲಿಲ್ಲ.

"ಖಾಲಿ ಡಬ್ಬಿ ಇದ್ಯಾ?" ಎಂದರು ಮೇಷ್ಟ್ರು.

"ಜೋಡು ಒಳಗಿಟ್ಟೇ ಕೊಡ್ತೀನಿ ಮೇಷ್ಟ್ರೇ, ಡಬ್ಬಿ ಪುಕ್ಕಟೆ."

"ಜೋಡು ನೀವೇ ಇಟ್ಕೊಳ್ಳಿ. ನನಗೆ ಡಬ್ಬಿ ಸಾಕು."

ಆಮೇಲೆ ವರ್ಷಕ್ಕೆ ಒಂದೋ ಎರಡೋ ಡಬ್ಬಿಯಂತೆ ಒಯ್ಯುತ್ತಲೇ ಇದ್ದರು. ಯಾಕೆಂದು ತಿಳಿಯಲು ಅಂಗಡಿಯವನಿಗೆ ಹೆಚ್ಚು ದಿನ ಬೇಕಾಗಲಿಲ್ಲ. ಒಬ್ಬ ಪ್ರಕಾಶಕರು ದೊಡ್ಡದೊಂದು ಇಂಗ್ಲಿಷ್-ಕನ್ನಡ ನಿಘಂಟು ಮಾಡಿಸುತ್ತಿದ್ದರು. ನಿವೃತ್ತರಾದ ಇಂಗ್ಲಿಷ್ ಮೇಷ್ಟ್ರುಗಳಿಗೆಲ್ಲ ಪದಗಳನ್ನು ಹಂಚಿದ್ದರು. ಬೇರೆಯವರ ಪಾಲಿಗೆ ನೂರಾರು ಪದ ಬಿದ್ದರೆ ನಮ್ಮ ಮೇಷ್ಟ್ರ ಪಾಲಿಗೆ ಬಿದ್ದದ್ದು ಒಂದೇ ಒಂದು ಕ್ರಿಯಾಪದ: ರನ್. ಒಂದು ಬೇಸಿಗೆಯ ಕೆಲಸ ಎಂದುಕೊಂಡು ಒಪ್ಪಿಕೊಂಡರು. ಒಂಬತ್ತು ಬೇಸಿಗೆ ಕಳೆದವು. ಬೀದಿಯಲ್ಲೆಲ್ಲ ಅವರಿಗಿಂತ ನಿಧಾನವಾಗಿ ನಡೆಯುವವರು ಇರಲಿಲ್ಲ; ಹಾಗಿದ್ದೂ ರನ್ ಮೇಷ್ಟ್ರು ಎಂಬ ಹೆಸರು ಅಂಟಿಕೊಂಡಿತು.

"ಒಂದು ಪದಕ್ಕೆ ಇಷ್ಟು ವರ್ಷಾನಾ? ಓಡು ಅಂತ ಬರೆದು ಕೈ ತೊಳ್ಕೊಳ್ಳಿ," ಎಂದು ಅಂಗಡಿಯವನು ಒಮ್ಮೆ ಕೆಣಕಿದ್ದ.

ಮೇಷ್ಟ್ರು ಜೋಡು ಹಾಕಿ ನೋಡುವ ಬೆಂಚಿನ ಮೇಲೆ ಕುಳಿತು ಬೆರಳು ಮಡಚತೊಡಗಿದರು. "ನೆಗಡಿ ಬಂದ್ರೆ ಮೂಗು ಸೋರುತ್ತೆ, ಅದು ರನ್. ಅಗ್ಗದ ಬಟ್ಟೆ ನೆನೆಸಿದ್ರೆ ಬಣ್ಣ ಬಿಡುತ್ತೆ, ಅದೂ ರನ್. ನೀವು ಅಂಗಡಿ ನಡೆಸ್ತೀರಿ..."

"ನಡೆಸೋದೆಲ್ಲಿ ಬಂತು, ತಳ್ತಾ ಇದೀನಿ."

"ತಳ್ಳಿದ್ರೂ ರನ್ನೇ. ಚುನಾವಣೆಗೆ ನಮ್ಮವರು ನಿಲ್ತಾರೆ, ಇಂಗ್ಲಿಷಿನವರು ಓಡ್ತಾರೆ."

"ಗೆದ್ದ ಮೇಲೆ ಇಬ್ಬರೂ ಕೂತ್ಕೊಳ್ತಾರೆ ಬಿಡಿ."

ಮೇಷ್ಟ್ರು ನಗಲಿಲ್ಲ. ಬರೆದುಕೊಳ್ಳಬಹುದೇ ಎಂದು ಯೋಚಿಸುತ್ತಿದ್ದರು.

ಅವರ ಕೆಲಸದ ರೀತಿಯೇ ಒಂದು ತಮಾಷೆ. ಪೇಪರಿನಲ್ಲಿ, ಔಷಧಿಯ ಪೊಟ್ಟಣದಲ್ಲಿ, ಬಸ್ ನಿಲ್ದಾಣದ ಗೋಡೆಯಲ್ಲಿ ಆ ಪದ ಕಂಡ ವಾಕ್ಯವನ್ನೆಲ್ಲ ಬೆರಳಗಲದ ಚೀಟಿಗೆ ಇಳಿಸಿಕೊಳ್ಳುವರು. ಒಂದೊಂದು ಅರ್ಥಕ್ಕೆ ಒಂದೊಂದು ಚಪ್ಪಲಿ ಡಬ್ಬಿ. ಅರ್ಥವನ್ನು ಚೀಟಿಯ ಮೇಲೆ ಬರೆಯುತ್ತಿರಲಿಲ್ಲ. ಡಬ್ಬಿಯ ಕಿರುಮಗ್ಗುಲಲ್ಲಿ, ನಾವು ನಂಬರಿನ ಚೀಟಿ ಅಂಟಿಸುವ ಜಾಗದಲ್ಲಿ, ಪೆನ್ಸಿಲ್ಲಿನಿಂದ ಬರೆಯುವರು. ಅದರ ಕೆಳಗೆ ಅಲ್ಲಿಗೆ ಸಲ್ಲುವ ಕನ್ನಡದ ಮಾತುಗಳು: ದರ್ಜಿ ಹೇಳಿದ್ದು, ನಲ್ಲಿ ರಿಪೇರಿಯವನು ಹೇಳಿದ್ದು, ಬಸ್ ಕಂಡಕ್ಟರ್ ಬೈಯುವಾಗ ಕೇಳಿಸಿಕೊಂಡದ್ದು. ಒಂಬತ್ತು ವರ್ಷದ ನಿಜವಾದ ಗಳಿಕೆ ಅದೇ.

"ಒಂದೇ ಅರ್ಥಾನ ಮುನ್ನೂರು ಚೀಟಿ ಮೇಲೆ ಯಾಕೆ ಬರೀಬೇಕು? ಡಬ್ಬಿ ಮೇಲೆ ಒಂದು ಸಲ ಬರೆದ್ರೆ ಆಯ್ತು," ಎನ್ನುವರು. ಜಿಪುಣತನದಲ್ಲಿ ಇಷ್ಟು ಜಾಣತನ ಕಂಡು ಅಂಗಡಿಯವನೇ ತಲೆದೂಗಿದ್ದ.

ಒಂಬತ್ತನೇ ವರ್ಷ ಅವರ ಕಣ್ಣಿನ ನಡುಭಾಗ ಹೋಗತೊಡಗಿತು. ಪಕ್ಕದ್ದು ಕಾಣುವುದು, ನೇರ ನೋಡಿದ್ದು ಕಾಣದು. ಓದುವುದು ನಿಂತುಹೋಯಿತು. ಡಾಕ್ಟರು ಕೈಚೆಲ್ಲಿದರು. ಆದರೂ ಮೇಷ್ಟ್ರು ಧೈರ್ಯವಾಗಿದ್ದರು. ಕಪಾಟಿನಲ್ಲಿ ಹದಿನಾಲ್ಕು ಡಬ್ಬಿ ಸಾಲಾಗಿ ಕುಳಿತಿದ್ದವು. ಸೋಮವಾರ ಪ್ರಕಾಶಕರ ಕಾರು ಬರುವುದು, ಡಬ್ಬಿಗಳನ್ನು ಒಪ್ಪಿಸಿದರೆ ಅವರ ಕಡೆಯವರು ನೋಡಿ ಬರೆದುಕೊಳ್ಳುವರು, ಪುಸ್ತಕ ಅಚ್ಚಿಗೆ ಹೋಗುವುದು. ಕಣ್ಣು ಪೂರ್ತಿ ಮುಚ್ಚುವ ಮೊದಲು ಕೆಲಸ ದಡ ಮುಟ್ಟುವುದು.

ಆ ಸೋಮವಾರದ ಹಿಂದಿನ ವಾರ ಅಂಗಡಿಯ ಉಗ್ರಾಣಕ್ಕೆ ನೀರು ನುಗ್ಗಿತು. ಜೋಡುಗಳು ಅಟ್ಟದ ಮೇಲಿದ್ದವು, ಉಳಿದವು; ಕೆಳಗಿದ್ದ ಡಬ್ಬಿಗಳು ಹಿಟ್ಟಾದವು. ಡಬ್ಬಿಯಿಲ್ಲದ ಹೊಸ ಜೋಡನ್ನು ಗಿರಾಕಿ ಹಳೆಯದೆಂದೇ ತಿಳಿಯುತ್ತಾನೆ. ಅಂಗಡಿಯವನು ಬಾಗಿಲಿಗೆ ಬೋರ್ಡು ತೂಗುಹಾಕಿದ: ಹಳೇ ಡಬ್ಬಿ ತನ್ನಿ, ಹೊಸ ಜೋಡು ಕಡಿಮೆಗೆ ಒಯ್ಯಿರಿ. ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಂಡ.

ಶುಕ್ರವಾರ ಮಧ್ಯಾಹ್ನ ಮೇಷ್ಟ್ರ ಹೆಂಡತಿ ಬಂದರು. ಹಗ್ಗದಲ್ಲಿ ಬಿಗಿದ ಹದಿನಾಲ್ಕು ಡಬ್ಬಿಗಳನ್ನು ಬೆಂಚಿನ ಮೇಲಿಟ್ಟು ಸೆರಗಿನಿಂದ ಕತ್ತು ಒರೆಸಿಕೊಂಡರು.

"ಅಣ್ಣಾ, ಒಂದು ಡಬ್ಬಿಗೆ ಅಷ್ಟು ಕಡಿಮೆ ಆದ್ರೆ ಹದಿನಾಲ್ಕಕ್ಕೆ ಎಷ್ಟಾಗುತ್ತೆ?"

"ಹದಿನಾಲ್ಕಕ್ಕೆ ನಾನೇ ನಿಮಗೆ ಕೊಡ್ಬೇಕಾಗುತ್ತೆ ಅಕ್ಕಾ. ಬೀಗದ ಕೈನೂ ತಗೊಂಡು ಹೋಗಿ."

"ಹುಡುಗಾಟ ಬೇಡ. ಸೋಮವಾರ ದೊಡ್ಡವರ ಕಚೇರಿಗೆ ಹೋಗ್ತಾರೆ ಇವರು. ಆ ಹರಕು ಜೋಡಲ್ಲಿ ಕಳಿಸೋಕೆ ನನಗೆ ಮನಸ್ಸಿಲ್ಲ. ಮಲಗಿದ್ದಾರೆ, ಹೇಳದೆ ಬಂದೆ."

"ಒಳಗಿದ್ದ ಚೀಟಿಗಳು?"

"ಒಂದೂ ಬೀಳಿಸಿಲ್ಲ," ಎಂದರು ಆಕೆ ಹೆಮ್ಮೆಯಿಂದ. "ಒಗೆದ ದಿಂಬಿನ ಚೀಲಕ್ಕೆ ಎಲ್ಲಾನೂ ತುಂಬಿ ಬಾಯಿ ಹೊಲಿದಿದ್ದೀನಿ. ಕಣ್ಣು ಕಾಣದೋರು ಹದಿನಾಲ್ಕು ಡಬ್ಬಿ ಹೊರೋಕಾಗುತ್ತಾ? ಈಗ ಒಂದೇ ಗಂಟು."

ಆಕೆಗೆ ಓದು ಬರಹ ಬಾರದು. ಅಂಗಡಿಯವನಿಗೆ ಬರುತ್ತಿತ್ತು. ಡಬ್ಬಿಯ ಮಗ್ಗುಲಲ್ಲಿ ಏನಿದೆ ಎಂಬುದೂ ಗೊತ್ತಿತ್ತು. ಆ ಕ್ಷಣ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಅವನ ಕಣ್ಣು ಡಬ್ಬಿಗಳ ಮೂಲೆ ಗಟ್ಟಿಯಿವೆಯೇ ಎಂದು ನೋಡುತ್ತಿತ್ತು. ಧಾರಾಳತನ ಉಕ್ಕಿ, ಏಳನೇ ನಂಬರಿನ ಕಂದು ಜೋಡೊಂದನ್ನು ಪುಕ್ಕಟೆಯಾಗಿಯೇ ಕೊಟ್ಟುಬಿಟ್ಟ. ಸಂಜೆಯೊಳಗೆ ಪೆನ್ಸಿಲ್ ಬರಹದ ಮೇಲೆ ಗೋಂದು ಬಳಿದು ಹೊಸ ನಂಬರು ಅಂಟಿಸಿದ. ಭಾನುವಾರದ ಹೊತ್ತಿಗೆ ಹದಿನಾಲ್ಕೂ ಹದಿನಾಲ್ಕು ಮನೆ ಸೇರಿದ್ದವು.

ಭಾನುವಾರ ಮಧ್ಯಾಹ್ನ ಮೇಷ್ಟ್ರು ಗೋಡೆ ಸವರಿಕೊಂಡು ಬಂದರು. ಕಾಲಲ್ಲಿ ಹೊಸ ಜೋಡು ಕಿರುಗುಟ್ಟುತ್ತಿತ್ತು. ಬೆಂಚಿನ ಮೇಲೆ ಕುಳಿತರು.

"ಡಬ್ಬಿ ಇದ್ಯಾ?"

ಅದೇ ಪ್ರಶ್ನೆ, ಒಂಬತ್ತು ವರ್ಷದ್ದು. ಅಂಗಡಿಯವನಿಗೆ ಆಗ ತಿಳಿಯಿತು. ಕೈಯಲ್ಲಿದ್ದ ಜೋಡು ಕೈಯಲ್ಲೇ ಉಳಿಯಿತು.

"ಹೋದವು ಮೇಷ್ಟ್ರೇ."

"ಎಲ್ಲಾನೂ?"

"ಎಲ್ಲಾನೂ."

ಮೇಷ್ಟ್ರು ಬಗ್ಗಿ ಜೋಡಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದರು. ಸರಿಯಾಗಿಯೇ ಕಟ್ಟಿದ್ದ ದಾರ ಅದು. "ಅವಳಿಗೆ ಹೇಳ್ಬೇಡಿ," ಎಂದರು. "ಚೀಟಿ ಗಂಟು ಬಹಳ ಚೆನ್ನಾಗಿ ಕಟ್ಟಿದ್ದೀಯ ಅಂತ ಹೇಳಿ ಬಂದಿದ್ದೀನಿ."

ಅಂಗಡಿಯವನು ಬಾಗಿಲೆಳೆದು ಮನೆಮನೆ ಅಲೆದ. ಗುರುತಿನವರಲ್ಲಿ ಮೂರು ಡಬ್ಬಿ ಸಿಕ್ಕವು. ಒದ್ದೆ ಬಟ್ಟೆ ಹಾಕಿ ನಂಬರಿನ ಚೀಟಿ ಕಿತ್ತ. ಗೋಂದಿನ ಜೊತೆಗೆ ಪೆನ್ಸಿಲ್ಲೂ ಎದ್ದುಬಂತು. ಅಂಗಡಿಗೆ ಬಳಸುವ ಗೋಂದು ಒಳ್ಳೆಯದೇ, ಅದರಲ್ಲಿ ಅವನು ಎಂದೂ ಜಿಪುಣತನ ಮಾಡಿದವನಲ್ಲ.

ಸೋಮವಾರ ಕಾರು ಬಂತು. ಕಚೇರಿಯಲ್ಲಿ ಪ್ರಕಾಶಕರು ಹೊಲಿಗೆ ಬಿಚ್ಚಿ ಚೀಲಕ್ಕೆ ಕೈಹಾಕಿ ಒಂದು ಹಿಡಿ ಚೀಟಿ ತೆಗೆದು ನೋಡಿದರಂತೆ. ಕೆಟ್ಟವರಲ್ಲ. "ಮೂರು ಸಾವಿರ ಚೀಟಿ ಮತ್ತೆ ವಿಂಗಡಿಸೋಕೆ ನನ್ನ ಹತ್ರ ಮೂರು ದಿನಾನೂ ಇಲ್ಲ ಸಾರ್," ಎಂದರಂತೆ. ಹಳೆಯ ಶಾಲಾ ನಿಘಂಟಿನಿಂದ ಒಂಬತ್ತು ಅರ್ಥ ಎತ್ತಿಕೊಂಡರು. ಚೀಲ ಅದೇ ಕಾರಿನಲ್ಲಿ ಮನೆಗೆ ವಾಪಸು ಬಂತು. ಹೆಂಡತಿ ಕೇಳಿದಾಗ ಮೇಷ್ಟ್ರು, ಅವರು ಬರೆದುಕೊಂಡು ಚೀಟಿ ಹಿಂದಕ್ಕೆ ಕೊಟ್ಟರು ಎಂದರು.

ಈಗ ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಮೇಷ್ಟ್ರು ಚೀಲ ಹಿಡಿದು ಅಂಗಡಿಗೆ ಬರುತ್ತಾರೆ. ಅಂಗಡಿಯವನ ಇಂಗ್ಲಿಷ್ ಜೋಡಿನ ನಂಬರಿನಾಚೆ ಹೋದದ್ದಲ್ಲ. ಒಂದೊಂದೇ ಅಕ್ಷರ ಕೂಗಿ ಹೇಳುತ್ತಾನೆ, ಮೇಷ್ಟ್ರು ಕಣ್ಣು ಮುಚ್ಚಿ ಅಕ್ಷರ ಕೂಡಿಸಿ ವಾಕ್ಯ ಹಿಡಿಯುತ್ತಾರೆ. ಯಾವ ಡಬ್ಬಿ ಎಂಬುದು ಸಿಗುತ್ತದೆ. ಡಬ್ಬಿಯ ಮೇಲಿದ್ದ ಮಾತು ಸಿಗುವುದಿಲ್ಲ.

"ಇದಕ್ಕೆ ಆ ದರ್ಜಿ ಒಂದು ಮಾತು ಹೇಳಿದ್ದ. ಬಹಳ ಚೆನ್ನಾಗಿತ್ತು," ಎನ್ನುತ್ತಾರೆ. ಇಬ್ಬರೂ ಕಾಯುತ್ತಾರೆ. ಆ ಮಾತು ಬರುವುದಿಲ್ಲ. ದರ್ಜಿ ತೀರಿಕೊಂಡು ನಾಲ್ಕು ವರ್ಷವಾಯಿತು. ಒಬ್ಬ ಗಿರಾಕಿ ಬಂದರೆ ಮೇಷ್ಟ್ರೇ, "ಹೋಗಿ, ವ್ಯಾಪಾರ ನೋಡ್ಕೊಳ್ಳಿ," ಎಂದು ಚೀಟಿಯನ್ನು ಚೀಲಕ್ಕೆ ಹಾಕಿಬಿಡುತ್ತಾರೆ, ಓದಿದ್ದು ಓದದ್ದು ಎಲ್ಲ ಒಟ್ಟಿಗೆ.

ಅವರ ಹೆಂಡತಿ ಬೀದಿಯಲ್ಲಿ ಹಾದುಹೋಗುವಾಗ ನಿಲ್ಲುತ್ತಾರೆ. "ಪುಸ್ತಕ ಯಾವಾಗ ಬರುತ್ತಂತೆ ಅಣ್ಣಾ?"

"ದೊಡ್ಡ ಪುಸ್ತಕ ಅಲ್ವಾ ಅಕ್ಕಾ, ನಿಧಾನ."

"ಜೋಡು ಚೆನ್ನಾಗಿ ಬಂತು ನೋಡಿ. ಹಿಮ್ಮಡಿ ಇನ್ನೂ ಸವೆದಿಲ್ಲ."

ಅಂಗಡಿಯವನು ಮೇಷ್ಟ್ರಿಗೆ ಹದಿನಾಲ್ಕು ಡಬ್ಬಿ ಕೊಡಬೇಕು. ಮೂರು ಕೊಟ್ಟಿದ್ದಾನೆ, ಬರಿಯವು.