ಅವ್ವ ಹೊತ್ತ ಹರಕೆ

ಅಣ್ಣ ಸಾಯುವ ಮೊದಲು ಕೇಳಿಕೊಂಡಿದ್ದು ಒಂದೇ. ಅವ್ವ ಒಂದು ಸಲ ಹಳೇಬೀಡಿಗೆ ಬಂದು ಅವನಿದ್ದ ಮನೆಯ ಹೊಸಿಲು ದಾಟಬೇಕು, ಅವನ ಮುಖ ನೋಡಬೇಕು. ಅರಸೀಕೆರೆಯಿಂದ ಹಳೇಬೀಡಿಗೆ ಬಸ್ಸಿನಲ್ಲಿ ಕೂತರೆ ಒಂದು ನಿದ್ದೆ ತೆಗೆಯುವಷ್ಟು ದೂರ. ಅಷ್ಟು ದೂರಕ್ಕೆ ನಮ್ಮ ಅವ್ವ ವರ್ಷಗಟ್ಟಲೆ ಹೋಗಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ. ಅವ್ವನ ಮೇಲೋ ದೇವರ ಮೇಲೋ ನನಗೇ ಗೊತ್ತಿಲ್ಲ. ಚರ್ಚಿನಲ್ಲಿ ಗುರುಗಳ ಮುಂದೆ ಪಾಪನಿವೇದನೆಗೆ ಹೋದಾಗ ಎರಡನ್ನೂ ಹೇಳಿ ಬರುತ್ತೇನೆ.

ನಾವು ರೈಲ್ವೆ ಜನ, ಕ್ರೈಸ್ತರು. ಅಪ್ಪ ಹಳಿಯ ಮೇಲೆ ಗ್ಯಾಂಗ್‌ಮನ್ ಆಗಿ ದುಡಿದು, ನಿವೃತ್ತಿಯಾದ ಮೇಲೆ ಸ್ಟೇಷನ್ನಿನ ಆಚೆಗೆ ಒಂದು ಪುಟ್ಟ ಮನೆ ಕಟ್ಟಿಸಿ, ಅದರ ಗೃಹಪ್ರವೇಶಕ್ಕೆ ಗುರುಗಳು ಬಂದು ಅರ್ಪಿಸಿದ ಬಲಿಪೂಜೆ ಮುಗಿದ ಸ್ವಲ್ಪ ದಿನಕ್ಕೇ ತೀರಿಕೊಂಡರು. ನಾನು ಕಣಕಟ್ಟೆಯಲ್ಲಿ ಅಂಗನವಾಡಿ ಕಾರ್ಯಕರ್ತೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ನನ್ನ ಬಾಯಿಗೆ ಹೆದರಿ ಯಾರೂ ಬರಲಿಲ್ಲ ಎಂದು ಹೇಳಿ ಕಳಿಸುತ್ತೇನೆ. ಅಣ್ಣ ಹಳೇಬೀಡಿನ ಒಂದು ಖಾಸಗಿ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಅಲ್ಲಿ ಬಸದಿಗಳಿಗೆ ಹೋಗುವ ದಾರಿಯಲ್ಲಿ ಜೈನರೊಬ್ಬರ ದಿನಸಿ ಅಂಗಡಿ ಇದೆ. ಅಂಗಡಿಯ ಹಿಂದಿನ ಮನೆಯಲ್ಲಿ ಅವರು ಒಬ್ಬರೇ ಇದ್ದರು. ಅಣ್ಣ ಅಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದ. ಅವರ ಹೆಸರನ್ನು ನಾನು ಬರೆಯುವುದಿಲ್ಲ. ಅಂಗಡಿ ಇನ್ನೂ ನಡೆಯುತ್ತಿದೆ, ಊರಿನವರ ಬಾಯಿಯೂ ನಡೆಯುತ್ತಿದೆ. ನಾನು ಅವರನ್ನು ಕರೆಯುತ್ತಿದ್ದುದು ಅಂಗಡಿಯಣ್ಣ ಎಂದು.

ಮೊದಲು ಗೊತ್ತಾಗಿದ್ದು ಊಟದಿಂದ. ಒಂದು ಕ್ರಿಸ್‌ಮಸ್ಸಿಗೆ ಮನೆಗೆ ಬಂದ ಅಣ್ಣ ಮಧ್ಯಾಹ್ನ ಕೋಳಿ ಸಾರಿನಲ್ಲಿ ಗಡದ್ದಾಗಿ ಉಂಡ. ಸಂಜೆ ದೇವಾಲಯದ ಗಂಟೆ ಹೊಡೆಯುವ ಹೊತ್ತಿಗೆ ಎರಡು ಕಜ್ಜಾಯ ತಿಂದು ಕೈ ತೊಳೆದುಬಿಟ್ಟ. ಕತ್ತಲಾದ ಮೇಲೆ ಅವ್ವ ತಟ್ಟೆ ಹಾಕಿದರೆ ಬೇಡ ಎಂದ. ಹಿಂದಿನ ಸಲ ಬಂದಾಗಲೂ ಹೀಗೇ ಮಾಡಿದ್ದ. ಹೊತ್ತು ಮುಳುಗಿದ ಮೇಲೆ ಉಣ್ಣದವರು ಯಾರು ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಮಗ ಜೈನನಾಗಿಬಿಟ್ಟಿದ್ದಾನೆ, ಯೇಸುಸ್ವಾಮಿಯನ್ನು ಕೈಬಿಟ್ಟಿದ್ದಾನೆ ಎಂದು ಅವ್ವ ಅಡುಗೆಮನೆಯಲ್ಲಿ ನನ್ನ ಮುಂದೆ ಅತ್ತಳು. ಮಧ್ಯಾಹ್ನ ಕೋಳಿ ತೊಡೆ ಚೀಪಿದವನು ಯಾವ ಸೀಮೆ ಜೈನ ಎಂದು ನಾನು ನಗಾಡಿದರೆ, ಹೊಸಬ ಅಲ್ವೇನೇ, ಇನ್ನೂ ರೂಢಿ ಆಗಿಲ್ಲ ಎಂದಳು.

ನಗುವ ಹಾಗೂ ಇಲ್ಲ, ಅಳುವ ಹಾಗೂ ಇಲ್ಲ. ಅವ್ವ ಅವನನ್ನು ದೇವರ ಪೀಠದ ಮುಂದೆ ನಿಲ್ಲಿಸಿ, ವಿಶ್ವಾಸ ಸಂಗ್ರಹ ಹೇಳು ಎಂದಳು. ನಾವು ಏನನ್ನು ನಂಬುತ್ತೇವೆ ಎಂದು ಪೂಜೆಯಲ್ಲಿ ಎಲ್ಲರೂ ಒಟ್ಟಿಗೆ ಹೇಳುವ ಪ್ರಾರ್ಥನೆ ಅದು. ತಲೆಯಲ್ಲಿ ನರೆ ಬರಲು ಶುರುವಾಗಿದ್ದ ಮೇಷ್ಟ್ರು ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಕೈ ಕಟ್ಟಿಕೊಂಡು ನಿಂತು ಒಂದಕ್ಷರ ತಪ್ಪದೆ ಹೇಳಿದ. ಅವ್ವನ ಮುಖ ಅರಳಿತು. ಮತ್ಯಾಕೆ ಉಣ್ಣಲ್ಲ ಎಂದು ಕೇಳಿದಳು.

‘ಅವರು ಕತ್ತಲಾದ್ಮೇಲೆ ಉಣ್ಣಲ್ಲ ಅವ್ವ. ಅವರನ್ನ ಕೂರಿಸ್ಕೊಂಡು ನಾನೊಬ್ಬನೇ ಉಣ್ಣಕ್ಕೆ ಮನಸ್ಸು ಬರಲಿಲ್ಲ. ಹಂಗೇ ರೂಢಿಯಾಯ್ತು.’

‘ಅವರು ನಿನಗೆ ಏನಾಗ್ಬೇಕು?’

ಬೇರೆ ಯಾರಾದರೂ ಆಗಿದ್ದರೆ ಸ್ನೇಹಿತರು ಎಂದು ಹೇಳಿ ಪಾರಾಗುತ್ತಿದ್ದರು. ಅಣ್ಣನಿಗೆ ಅದು ಬಾರದು. ಗಂಡ ಹೆಂಡತಿಗೆ ಏನಾಗ್ಬೇಕೋ ಅದೇ ಎಂದುಬಿಟ್ಟ. ಹರೆಯದಿಂದಲೂ ತನ್ನ ಮನಸ್ಸು ಹೋಗುವುದು ಹಾಗೇ, ಅದಕ್ಕೇ ಮದುವೆ ಬೇಡ ಬೇಡ ಎನ್ನುತ್ತಿದ್ದೆ, ಯಾವುದೋ ಹೆಣ್ಣಿನ ಬಾಳು ಹಾಳುಮಾಡಲು ಇಷ್ಟವಿರಲಿಲ್ಲ ಎಂದು ಮೆಲ್ಲಗೆ ಬಿಡಿಸಿ ಹೇಳಿದ. ನನಗೆ ಅರ್ಧ ಗೊತ್ತಿತ್ತು. ಹಳೇಬೀಡಿಗೆ ಹೋದಾಗ ಅವರಿಬ್ಬರೂ ಒಬ್ಬರ ಕಾಫಿಗೆ ಇನ್ನೊಬ್ಬರು ಸಕ್ಕರೆ ಹಾಕುವುದನ್ನು ನೋಡಿದ್ದೆ. ಅವ್ವ ಪೀಠದ ಮುಂದಿನ ಮೇಣದ ಬತ್ತಿಯನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ ಮಗನ ಕಡೆ ತಿರುಗಿ, ‘ನೀನು ಜೈನನೇ ಆಗಿದ್ರೂ ತಡ್ಕೋತಿದ್ದೆ ಕಣೋ’ ಎಂದಳು.

ಅಂದಿನಿಂದ ಅವ್ವ ಅವನ ಮುಖ ನೋಡಲಿಲ್ಲ. ಅವನು ಬರುತ್ತಾನೆ ಎಂದು ಫೋನು ಬಂದ ದಿನ ಬೆಳಿಗ್ಗೆಯಿಂದಲೇ ಅವನಿಗೆ ಇಷ್ಟವಾದ ಅಡುಗೆ ಮಾಡುವಳು. ಅವರೆಕಾಳಿನ ಕಾಲವಾದರೆ ಹಿದುಕಿದ ಬೇಳೆ ಸಾರು, ಇಲ್ಲದಿದ್ದರೆ ಹುರುಳಿಕಾಳು ಬಸ್ಸಾರು. ಎಲ್ಲವನ್ನೂ ಹೊತ್ತು ಮುಳುಗುವ ಮುಂಚೆಯೇ ಮುಗಿಸಿ ಮುಚ್ಚಿಟ್ಟು, ಗೇಟಿನ ಸದ್ದಾದ ಕೂಡಲೇ ಒಳಕೋಣೆ ಸೇರಿ ಚಿಲಕ ಹಾಕಿಕೊಳ್ಳುವಳು. ಅಣ್ಣ ಬಾಗಿಲ ಹೊರಗೆ ನೆಲದ ಮೇಲೆ ಕೂತು, ಬಿ.ಪಿ. ಮಾತ್ರೆ ತಗೊಂಡ್ಯಾ ಅವ್ವ, ಮಂಡಿ ನೋವು ಹೆಂಗೈತೆ ಎಂದೆಲ್ಲ ವಿಚಾರಿಸುವನು. ಒಳಗಿಂದ ಜಪಸರದ ಮಣಿ ಸರಿಯುವ ಸದ್ದು ಮಾತ್ರ. ನಾನು ಅವ್ವನ ಜೊತೆ ಜಗಳವಾಡದ ದಿನವಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ನಿನಗೆ ಬಂಗಾರದಂಥ ಮಗ ಬೇಡವಾದನಲ್ಲ ಎಂದು ಬಾಯಿಗೆ ಬಂದಂತೆ ಬೈದಿದ್ದೇನೆ. ಅವ್ವ ತುಟಿ ಬಿಚ್ಚುತ್ತಿರಲಿಲ್ಲ. ಶುಕ್ರವಾರ ಒಪ್ಪತ್ತು ಮಾಡುತ್ತಿದ್ದವಳು ಬುಧವಾರವೂ ಶುರುಮಾಡಿದಳು.

ಅಣ್ಣ ದೇವರನ್ನೇನೂ ಬಿಡಲಿಲ್ಲ. ಭಾನುವಾರ ಬೇಲೂರಿಗೆ ಬಸ್ಸು ಹಿಡಿದು ಚರ್ಚಿನ ಪೂಜೆಗೆ ಹೋಗುತ್ತಿದ್ದ. ಕೊನೆಯ ಬೆಂಚು. ಗುರುಗಳು ನಾಲಿಗೆಯ ಮೇಲಿಡುವ ರೊಟ್ಟಿಯ ಪರಮಪ್ರಸಾದಕ್ಕೆ ಎಲ್ಲರೂ ಎದ್ದು ಸಾಲು ಹಿಡಿದಾಗ ಇವನು ಮಂಡಿಯೂರಿ ಅಲ್ಲೇ ಇರುತ್ತಿದ್ದ. ಒಮ್ಮೆ ಜೊತೆಗೆ ಹೋದ ನಾನು ಯಾಕೆ ಎಂದು ಕೇಳಿಯೇಬಿಟ್ಟೆ. ಪಾಪನಿವೇದನೆಯಲ್ಲಿ ಆ ಮನೆ ಬಿಡುತ್ತೇನೆ ಎಂದು ಮಾತು ಕೊಟ್ಟರೆ ಗುರುಗಳು ಪ್ರಸಾದ ಕೊಡುತ್ತಾರೆ, ಬಿಡುವುದಿಲ್ಲ ಎಂದು ಗೊತ್ತಿದ್ದೂ ದೇವರ ಮುಂದೆ ಹೇಗೆ ಮಾತು ಕೊಡಲಿ ಎಂದ. ಹಸಿದವನು ಊಟದ ಮನೆಯಲ್ಲೇ ಕೂತು ಉಣ್ಣದೆ ಎದ್ದು ಬಂದ ಹಾಗೆ ಪ್ರತಿ ಭಾನುವಾರ ಬಂದ. ದುಃಖವಾಗಲ್ವಾ ಅಂದೆ. ಆಗುತ್ತೆ ಅಂದ. ಅಷ್ಟೇ.

ಕಾಯಿಲೆ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಹೊಟ್ಟೆಯೊಳಗಿನ ಗೆಡ್ಡೆ. ಹಾಸನದ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಅಂಗಡಿಯಣ್ಣ ದಿನಾ ಅರ್ಧ ಹೊತ್ತು ಅಂಗಡಿ ಮುಚ್ಚಿ ಅವನ ಸೇವೆಗೆ ನಿಂತರು. ಅವನ ಬಟ್ಟೆ ಒಗೆದರು, ಗಂಜಿ ಕುಡಿಸಿದರು, ಅವನ ಜಪಸರ ಕೈ ಜಾರಿದರೆ ಎತ್ತಿ ಬೆರಳಿಗೆ ಸುತ್ತಿದರು. ನಾನು ರಜೆ ಸಿಕ್ಕಾಗಲೆಲ್ಲ ಹೋಗುತ್ತಿದ್ದೆ. ಹೋದಾಗಲೆಲ್ಲ ಅಣ್ಣ ನನ್ನ ಹಿಂದೆ ಬಾಗಿಲ ಕಡೆ ನೋಡುವನು. ಅವ್ವ ಬಂದಿಲ್ಲ ಎಂದು ನಾನು ಹೇಳುವ ಮೊದಲೇ, ಹೋಗ್ಲಿ ಬಿಡು, ಮಂಡಿ ನೋವಿರುತ್ತೆ ಎಂದು ತಾನೇ ಹೇಳಿ ಮುಗಿಸುವನು. ಮನೆಗೆ ಬಂದು ಅವ್ವನಿಗೆ ಹೇಳಿದರೆ ಅವಳು ಗೋಡೆಗೆ ತಲೆ ಚಚ್ಚಿಕೊಂಡು ಅಳುತ್ತಿದ್ದಳೇ ಹೊರತು ಹೊರಡುತ್ತಿರಲಿಲ್ಲ. ಇಷ್ಟು ಅಳುವವಳು ಯಾಕೆ ಹೋಗುವುದಿಲ್ಲ ಎಂಬುದು ನನಗೆ ಅರ್ಥವಾಗುತ್ತಿರಲಿಲ್ಲ.

ಈಸ್ಟರಿಗೆ ಮುಂಚಿನ ತಪಸ್ಕಾಲದ ಒಂದು ಸಂಜೆ ಅಂಗಡಿಯಣ್ಣನ ಫೋನು ಬಂತು. ಇನ್ನು ತುಂಬಾ ಹೊತ್ತು ಇಲ್ಲ ಅನ್ನಿಸುತ್ತೆ, ಬರಕ್ಕಾಗುತ್ತಾ ಎಂದು ಕೇಳಿದರು. ನಾನು ಅವ್ವನ ರಟ್ಟೆ ಹಿಡಿದು, ಈಗ ಬರದಿದ್ದರೆ ನೀನು ನನಗೂ ಅವ್ವ ಅಲ್ಲ ಎಂದೆ. ಆಗ ಬಾಯಿ ಬಿಟ್ಟಳು. ಆ ಕ್ರಿಸ್‌ಮಸ್ ಮುಗಿದ ಮಾರನೆಯ ಬೆಳಿಗ್ಗೆಯೇ ಮಾತೆ ಮರಿಯಮ್ಮನವರ ಪ್ರತಿಮೆಯ ಮುಂದೆ ಹರಕೆ ಹೊತ್ತಿದ್ದಳಂತೆ: ಮಗ ಆ ಮನೆ ಬಿಟ್ಟು ಬರಲಿ, ಅಲ್ಲಿಯವರೆಗೂ ಅವನ ಮುಖ ನೋಡಲ್ಲ, ನನ್ನ ಕರುಳಿನ ಸಂಕಟವನ್ನೇ ಕಾಣಿಕೆ ಅಂತ ತಗೋ. ಹರಕೆಯನ್ನು ಬಾಯಿ ಬಿಟ್ಟು ಹೇಳಿದರೆ ಫಲವಿಲ್ಲ ಎಂದು ಯಾರಿಗೂ ಹೇಳಿರಲಿಲ್ಲ. ಈಗ ಮುರಿದರೆ ಮಗನ ಆತ್ಮ ಕೈತಪ್ಪಿ ಹೋಗುತ್ತದೆ ಎಂಬ ಭಯ. ಅಯ್ಯೋ ದೇವರೇ, ನಾನು ಇಷ್ಟು ವರ್ಷ ಬೈದಿದ್ದು ಒಂದು ಹಟಕ್ಕಲ್ಲ, ಒಂದು ಪ್ರಾರ್ಥನೆಗೆ.

ಹರಕೆ ಬಿಡಿಸುವ ಅಧಿಕಾರ ಗುರುಗಳಿಗಿದೆ ಎಂದು ನನಗೆ ಗೊತ್ತಿತ್ತು. ಆಟೋ ಹತ್ತಿಸಿ ಚರ್ಚಿನ ಪಕ್ಕದ ಗುರುಮನೆಗೆ ಕರೆದುಕೊಂಡು ಹೋದೆ. ಹೊಸದಾಗಿ ಬಂದ, ವಯಸ್ಸಿನಲ್ಲಿ ನನಗಿಂತ ಚಿಕ್ಕ ಗುರುಗಳು. ಜಗಲಿಯ ಮೇಲೆ ಕೂರಿಸಿ ಪೂರ್ತಿ ಕೇಳಿಸಿಕೊಂಡರು. ಅಣ್ಣ ಮಾಡಿದ್ದು ಸರಿಯೋ ತಪ್ಪೋ ಎಂಬ ಮಾತನ್ನೇ ಅವರು ಎತ್ತಲಿಲ್ಲ.

‘ಅಮ್ಮ, ಮಗ ಶಿಲುಬೆ ಮೇಲಿದ್ದಾಗ ಮಾತೆ ಎಲ್ಲಿದ್ರು?’ ಎಂದು ಕೇಳಿದರು.

‘ಕೆಳಗೆ ನಿಂತಿದ್ರು ಸ್ವಾಮಿ.’

‘ಮುಖ ತಿರುಗಿಸ್ಕೊಂಡಿದ್ರಾ?’

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಗುರುಗಳು ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಹರಕೆಯಿಂದ ನಿಮ್ಮನ್ನು ಬಿಡಿಸಿದ್ದೇನೆ, ಅದರ ಭಾರ ಇನ್ನು ನನ್ನದು, ಈಗಲೇ ಹೊರಡಿ ಎಂದರು.

ಈಗಲೇ ಎಂದರು. ನಾನು ಕಿವಿಯಾರೆ ಕೇಳಿದ್ದೇನೆ. ಆದರೆ ಗೇಟಿನ ಹತ್ತಿರ ಬರುವಷ್ಟರಲ್ಲಿ ಅವ್ವನಿಗೆ ಇನ್ನೊಂದು ಹುಳ ಹೊಕ್ಕಿತು. ಅವಳ ತಾಯಿಯ ಕಾಲದಲ್ಲಿ ಹರಕೆ ತೀರಿದ ಮೇಲೆ ಮೊದಲು ಪೂಜೆ ಕೇಳಿ ಪ್ರಸಾದ ಸ್ವೀಕರಿಸಿ, ಆಮೇಲೆ ಉಳಿದದ್ದು ಮಾಡುತ್ತಿದ್ದರಂತೆ. ಬೆಳಗಿನ ಪೂಜೆ ಮುಗಿಸಿಯೇ ಹೋಗೋಣ, ಇಷ್ಟು ವರ್ಷ ಹೊತ್ತಿದ್ದು ಕೊನೆಯಲ್ಲಿ ಕೆಡಬಾರದು ಎಂದಳು. ಬೈದೆ, ಕೈ ಮುಗಿದೆ. ಕಾರು ಮಾಡುತ್ತೇನೆ ಎಂದೆ. ಜಗ್ಗಲಿಲ್ಲ. ಅವಳನ್ನು ಬಿಟ್ಟು ನಾನೊಬ್ಬಳೇ ಹೋದರೆ ಬೆಳಿಗ್ಗೆ ಮನಸ್ಸು ಬದಲಾಯಿಸಿಯಾಳು ಎಂದು ಉಳಿದೆ. ಅಂಗಡಿಯಣ್ಣನಿಗೆ ಫೋನು ಮಾಡಿ, ನಾಳೆ ಬೆಳಿಗ್ಗೆ ಅವ್ವನೂ ಬರುತ್ತಾಳೆ, ಅಣ್ಣನಿಗೆ ಹೇಳಿ ಎಂದೆ. ಹೇಳ್ತೀನಮ್ಮ ಎಂದರು.

ಪೂಜೆ ಮುಗಿಸಿ ಬಸ್ಸು ಹತ್ತಿದೆವು. ಅವ್ವ ಡಬ್ಬಿಯಲ್ಲಿ ಮೆತ್ತಗೆ ಕಲಸಿದ ಮೊಸರನ್ನ ಇಟ್ಟುಕೊಂಡಿದ್ದಳು. ಬಹಳ ವರ್ಷಗಳ ಮೇಲೆ ಅವಳ ಮುಖದಲ್ಲಿ ಗೆಲುವಿತ್ತು. ಜಾವಗಲ್ ದಾಟಿದ ಮೇಲೆ ನನ್ನ ಕಿವಿಯ ಹತ್ತಿರ ಬಂದು, ಆ ಹುಡುಗನ್ನ ನಾನು ಏನಂತ ಕರೀಲೇ ಎಂದು ಕೇಳಿದಳು. ಹುಡುಗನಂತೆ, ಅವರ ತಲೆ ನಿನ್ನದಕ್ಕಿಂತ ಬೆಳ್ಳಗಾಗಿದೆ, ಅಪ್ಪಾ ಅಂತ ಕರಿ ಸಾಕು ಎಂದೆ. ಅಪ್ಪಾ, ಅಪ್ಪಾ ಎಂದು ಎರಡು ಸಲ ಬಾಯಲ್ಲೇ ಹೇಳಿ ನೋಡಿಕೊಂಡಳು.

ಅಂಗಡಿಯ ಬಾಗಿಲು ಹಾಕಿತ್ತು. ಪಕ್ಕದ ಓಣಿಯಿಂದ ಹೋದೆವು. ಅಂಗಡಿಯಣ್ಣ ಹೊಸಿಲ ಮೇಲೆ ಕೂತಿದ್ದವರು ಅವ್ವನನ್ನು ಕಂಡು ಎದ್ದು ನಿಂತು ಕೈ ಮುಗಿದರು. ಅವರ ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಅಣ್ಣ ಬೆಳಗಿನ ಜಾವ ಹೋಗಿಬಿಟ್ಟಿದ್ದನಂತೆ. ಹೇಗೂ ನಾವು ಹೊರಟು ಬರುತ್ತೇವಲ್ಲ ಎಂದು ಫೋನು ಮಾಡಲಿಲ್ಲವಂತೆ. ನಿಮ್ಮ ಕಡೆ ಏನೇನು ಶಾಸ್ತ್ರವೋ ಗೊತ್ತಿಲ್ಲ, ಅದಕ್ಕೆ ನಾನು ಏನೂ ಮುಟ್ಟಲಿಲ್ಲ, ಹೇಗಿದ್ದರೋ ಹಾಗೇ ಬಿಟ್ಟಿದ್ದೇನೆ ಎಂದರು. ಅವ್ವ ಅಳಲಿಲ್ಲ. ಬಲಗಾಲೋ ಎಡಗಾಲೋ ನೋಡದೆ ಹೊಸಿಲು ದಾಟಿ ಒಳಗೆ ಹೋದಳು.

ಅಣ್ಣ ಗೋಡೆಯ ಕಡೆ ತಿರುಗಿ ಮಲಗಿದ್ದ. ಬಾಗಿಲಲ್ಲಿ ನಿಂತವರಿಗೆ ಕಾಣುತ್ತಿದ್ದುದು ಬೆನ್ನು ಮಾತ್ರ. ಅವ್ವ ಅಲ್ಲೇ ನಿಂತು, ‘ಯಾಕಪ್ಪಾ ಆ ಕಡೆ ತಿರುಗಿದಾನೆ?’ ಎಂದು ಕೇಳಿದಳು.

ಅಂಗಡಿಯಣ್ಣನಿಗೆ ಹೇಳಲು ಇಷ್ಟವಿರಲಿಲ್ಲ. ಅವ್ವ ಇನ್ನೊಮ್ಮೆ ಕೇಳಿದಳು.

‘ಯಾವಾಗ್ಲೂ ಬಾಗಿಲ ಕಡೇನೇ ಮಲಗೋರು ಅಮ್ಮ. ಅವ್ವ ಬತ್ತಾರಾ ಅಂತ ಕೇಳೋರು. ನಾಳೆ ಬತ್ತಾರೆ ಅಂತ ನಾನು ದಿನಾ ಸುಳ್ಳು ಹೇಳ್ದೆ. ನಮ್ಮಲ್ಲಿ ಸುಳ್ಳು ದೊಡ್ಡ ಪಾಪ. ಆದ್ರೂ ಹೇಳ್ದೆ. ದಿನಾ ನಂಬಿದ್ರು.’ ಅವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ‘ನಿನ್ನೆ ತಂಗಿ ಫೋನ್ ಮಾಡಿದ್ಮೇಲೆ, ನಾಳೆ ಬತ್ತಾರೆ, ಇದು ನಿಜ ಅಂದೆ. ನನ್ನ ಕೈ ತಟ್ಟಿ, ಸಾಕು ಬಿಡು, ನನಗೋಸ್ಕರ ಇನ್ನೆಷ್ಟು ಸುಳ್ಳು ಹೇಳ್ತೀಯ ಅಂದ್ರು. ಆಮೇಲೆ ಆ ಕಡೆ ತಿರುಗಿದ್ರು.’

ಮಂಚ ಗೋಡೆಗೆ ಅಂಟಿಕೊಂಡಿತ್ತು. ಆ ಕಡೆ ಹೋಗಿ ಮುಖ ನೋಡಲು ಜಾಗವಿರಲಿಲ್ಲ. ಅವ್ವ ಡಬ್ಬಿಯನ್ನು ನೆಲದ ಮೇಲಿಟ್ಟು, ‘ಹಿಡ್ಕೊಳಪ್ಪಾ’ ಎಂದಳು. ಅವರಿಬ್ಬರೂ ತಲೆಯ ಕಡೆ ಹಿಡಿದರು, ನಾನು ಕಾಲಿನ ಕಡೆ ಹಿಡಿದೆ, ಮಂಚವನ್ನು ಗೋಡೆಯಿಂದ ಈಚೆಗೆ ಎಳೆದೆವು.