ತಾಮ್ರದ ಜೀರುಂಡೆ

ಅಮೆರಿಕದ ಸ್ಕೋಕಿ ಊರಿನ ಅಂಬುಜಾಗೆ ಹುಳ ಕಂಡರೆ ಮೈ ಜುಮ್ಮೆನ್ನುತ್ತಿತ್ತು. ಅಂಥವಳು ಅರವತ್ತು ದಾಟಿದ ಮೇಲೆ ಹುಳದ ಹುಚ್ಚು ಹತ್ತಿಸಿಕೊಂಡಳೆಂದರೆ ಯಾರು ನಂಬುತ್ತಾರೆ! ಆಸ್ಪತ್ರೆಯ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟೇ ವಯಸ್ಸು ಕಳೆದ ಡಾಕ್ಟರ್ ಅವಳು. ರಿಟೈರಾಗಿ, ಗಂಡ ಮಾಧವನೂ ತೀರಿಕೊಂಡ ಮೇಲೆ, ಹೊತ್ತು ಹೋಗದೆ ಒಮ್ಮೆ ಮ್ಯೂಸಿಯಂಗೆ ಹೋಗಿದ್ದಳು. ಅಲ್ಲಿ ಬರೋಕ್ ಕಾಲದ ಮುದ್ರಣಚಿತ್ರವೊಂದು ಕಣ್ಣಿಗೆ ಬಿತ್ತು. ನಾನೂರು ವರ್ಷದ ಹಿಂದೆ ಯಾರೋ ಪುಣ್ಯಾತ್ಮ ತಾಮ್ರದ ತಗಡಿನಲ್ಲಿ ಜೀರುಂಡೆಯೊಂದನ್ನು ಕೊರೆದು ಅಚ್ಚು ಹಾಕಿದ್ದ. ಕಾಲಿನ ಒಂದು ಮುಳ್ಳನ್ನೂ ಬಿಟ್ಟಿರಲಿಲ್ಲ; ಹೊಟ್ಟೆಯಡಿಯ ನೆರಳು ಬೇರೆ. ಇಷ್ಟು ಚಿಕ್ಕ ಜೀವವನ್ನು ಯಾರೋ ಇಷ್ಟು ಹೊತ್ತು ಕೂತು ನೋಡಿದ್ದಾರಲ್ಲ ಎಂದು ಅವಳಿಗೆ ಹೊಟ್ಟೆಕಿಚ್ಚಾಯಿತು. ಅವಳನ್ನು ಯಾರೂ ಹಾಗೆ ನೋಡಿ ಎಷ್ಟೋ ಕಾಲವಾಗಿತ್ತು.

ಪ್ರಿಂಟ್ ವರ್ಕ್‌ಶಾಪ್ ಸೇರಿ ಕೊರೆಯಲು ಕಲಿತಳು. ಚಳಿಗಾಲವಿಡೀ ಬೇಸ್‌ಮೆಂಟಿನಲ್ಲಿ ಒಬ್ಬಳೇ ಕೂತು ಅದೇ ಜೀರುಂಡೆಯನ್ನು ಕೊರೆದಳು. ವರ್ಕ್‌ಶಾಪಿನ ಪ್ರದರ್ಶನಕ್ಕೆ ದೂರದ ನೋವೈ ಊರಿನಿಂದ ಮಗಳು ಸಿಯಾ ಬರುತ್ತೇನೆಂದಿದ್ದಳು. ಫೋನಿನಲ್ಲಿ ಅವರಿಬ್ಬರ ಮಾತು ಸ್ನೋ ಬಿತ್ತಾ, ಊಟ ಆಯ್ತಾ ಎಂಬಲ್ಲಿಗೆ ಮುಗಿಯುತ್ತಿತ್ತು. ಈ ಹುಳವಾದರೂ ಮಾತಿಗೊಂದು ನೆಪವಾಗಲಿ ಎಂಬುದೇ ಅಂಬುಜಾಳ ಆಸೆ. ಅದಕ್ಕೇ ಚಿತ್ರದ ಕೆಳಗೆ ಕನ್ನಡದಲ್ಲಿ ‘ಜೀರುಂಡೆ’ ಎಂದು ಕೊರೆದಳು. ಭಾನುವಾರದ ಕನ್ನಡ ತರಗತಿಯಲ್ಲಿ ಮಗಳಿಗೆ ಅಕ್ಷರ ತಿದ್ದಿಸಿದವಳು ಅವಳೇ ತಾನೇ.

ಮೊದಲ ಪ್ರತಿ ಎತ್ತಿದಾಗಲೇ ತಪ್ಪು ಗೊತ್ತಾಯಿತು. ತಗಡಿನಲ್ಲಿ ನೇರವಾಗಿ ಕೊರೆದದ್ದು ಕಾಗದದ ಮೇಲೆ ಉಲ್ಟಾ ಬೀಳುತ್ತದೆ. ಹುಳಕ್ಕೆ ಎಡಬಲ ಎರಡೂ ಒಂದೇ, ಅದು ಬಚಾವಾಯಿತು. ಅಕ್ಷರ ಮಾತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಕೂತಿತ್ತು. ಎಂಥ ಪೆದ್ದು ಕೆಲಸ! ವರ್ಕ್‌ಶಾಪಿನವರೋ ಸುತ್ತ ನೆರೆದು ಹೊಗಳಿದ್ದೇ ಹೊಗಳಿದ್ದು, ಅದರಲ್ಲೂ ಆ ಅಕ್ಷರಗಳನ್ನು. ಕನ್ನಡ ಓದಿ ತಪ್ಪು ಹಿಡಿಯುವವರು ಒಬ್ಬರೂ ಇಲ್ಲವಲ್ಲ ಎಂದು ಅವಳಿಗೆ ಅಳುವೇ ಬಂತು.

ಇನ್ನೊಂದು ತಗಡು ಕೊರೆಯಬಹುದಿತ್ತು, ಕೊರೆಯಲಿಲ್ಲ. ಸಿಯಾ ಕಂಡುಹಿಡಿಯಲಿ, ಹೊಟ್ಟೆ ಹುಣ್ಣಾಗುವಷ್ಟು ನಗಲಿ, ಮನಸಾರೆ ಗೇಲಿ ಮಾಡಲಿ ಎಂದು ಹಾಗೇ ಬಿಟ್ಟಳು.

ಅಷ್ಟು ದೂರದಿಂದ ಡ್ರೈವ್ ಮಾಡಿಕೊಂಡು ಬಂದ ಸಿಯಾ ಕೋಟನ್ನೂ ತೆಗೆಯದೆ ಚಿತ್ರದೆದುರು ನಿಂತಳು. ಬಗ್ಗಿ ನೋಡಿದಳು. ಕೆಳಗಿನ ಅಕ್ಷರಗಳ ಮೇಲೆ ಅವಳ ಕಣ್ಣು ನಿಂತಾಗ ಅಂಬುಜಾ ಅವಳ ನಗುವಿಗೆ ಕಾದಳು. ಮಗಳು ನಗಲಿಲ್ಲ, ಅವಳ ಕಣ್ಣು ತುಂಬಿಬಂದಿತ್ತು.

“ಅಮ್ಮಾ, ಇಟ್ಸ್ ಸೋ ಬ್ಯೂಟಿಫುಲ್. ಕೆಳಗಡೆ... ಈಸ್ ದಟ್ ಮೈ ನೇಮ್?”

ಅಂಬುಜಾ ಮಗಳ ಭುಜ ಹಿಡಿದುಕೊಂಡಳು.

“ಹೂಂ ಕಣೇ, ನಿನ್ನ ಹೆಸರೇ,” ಎಂದಳು.